ಮನೆ ನಂಬರು, ಬಾಗಿಲು ನಂಬರು

ನಮ್ಮ ಅತ್ತೆ ಹಾಡಬೇಕೆಂದರೆ ಎದುರಿಗೆ ಕೂತವರು ಏಳಬಾರದು. ಎದ್ದರೆ ಹಾಡು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ‘ನಿಂಗೆ ಕೆಲಸ ಇದೆ, ಹೋಗೇ, ನಾಳೆ ನೋಡಣ’ ಎಂದು ಸೆರಗು ಸರಿ ಮಾಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾರೆ. ಆ ‘ನಾಳೆ’ ಬರುವುದಕ್ಕೆ ಒಮ್ಮೊಮ್ಮೆ 15 ದಿನ ಹಿಡಿದದ್ದುಂಟು. ಅವರ ಈ ಒಂದು ಸ್ವಭಾವದ ದೆಸೆಯಿಂದ, ಕಂಪ್ಯೂಟರ್ ಎಂದರೆ ಟೈಪ್‌ರೈಟರಿನ ಸಿರಿವಂತ ತಂಗಿ ಎಂದುಕೊಂಡಿದ್ದ ನಾನು 58ನೆಯ ವಯಸ್ಸಿನಲ್ಲಿ ಐಪಿ ವಿಳಾಸ, ಪೋರ್ಟ್ ನಂಬರು ಎಂದು ತಲೆ ಕೆಡಿಸಿಕೊಳ್ಳಬೇಕಾಯಿತು.

ಅತ್ತೆ ಎಂದರೆ ನಮ್ಮನೆಯವರ ತಾಯಿಯಲ್ಲ; ನನ್ನ ಅಪ್ಪನ ಅಕ್ಕ, ಸೋದರತ್ತೆ. ಮಾವ ತೀರಿಕೊಂಡ ಮೇಲೆ ಸಾಗರದ ನಮ್ಮ ಮನೆಗೆ ಬಂದವರು ಇಲ್ಲೇ ಉಳಿದರು. ಬರುವಾಗ ತಂದದ್ದು ಎರಡು ಟ್ರಂಕು, ಒಂದು ಎಲೆಅಡಿಕೆಯ ತಟ್ಟೆ, ಮತ್ತೆ ಹಾಡು. ಎಣ್ಣೆ ಹಚ್ಚುವುದರಿಂದ ಹಿಡಿದು ಹೆಣ್ಣೊಪ್ಪಿಸುವ ತನಕ ಮದುವೆಮನೆಯ ಒಂದೊಂದು ಶಾಸ್ತ್ರಕ್ಕೂ ಅವರ ಬಳಿ ಒಂದೊಂದು ಹಾಡು. ಹಸೆಗೆ ಕರೆಯುವುದಕ್ಕೇ ನಾಲ್ಕು. ಬೀಗರನ್ನು ಹಂಗಿಸುವುದಕ್ಕೆ ಎಷ್ಟಿವೆಯೋ ಅವರಿಗೂ ಲೆಕ್ಕವಿಲ್ಲ. ಒಂದನ್ನೂ ಬರೆದಿಟ್ಟವರಲ್ಲ. ಕಲ್ಯಾಣ ಮಂಟಪದಲ್ಲಿ ವಾಲಗದವರ ಜೊತೆ ಸ್ಪೀಕರೂ ಸೇರಿಕೊಂಡ ಮೇಲೆ ಅವರನ್ನು ‘ಹಾಡಿ’ ಎಂದು ಕರೆದವರೂ ಇಲ್ಲ. 2022ರಲ್ಲಿ ಅವರಿಗೆ 84 ತುಂಬಿತು. ಎರಡು ಸಾಲು ಹಾಡಿ ಒಮ್ಮೆ ಉಸಿರು ತೆಗೆದುಕೊಳ್ಳುವಂತಾದಾಗ, ಇನ್ನು ತಡ ಮಾಡಬಾರದು ಎಂದು ನನಗೆ ಹೆದರಿಕೆಯಾಯಿತು.

ಫೋನಿನಲ್ಲೇ ರೆಕಾರ್ಡ್ ಮಾಡಿದರಾಗದೇ ಎಂದು ನೀವು ಕೇಳುತ್ತೀರಿ. ಮಾಡಿ ನೋಡಿದೆ. ಫೋನು ತಾನೇ ಬುದ್ಧಿ ಓಡಿಸಿ ಸಣ್ಣ ದನಿಯನ್ನು ಎತ್ತುತ್ತದೆ, ದೊಡ್ಡದನ್ನು ತಗ್ಗಿಸುತ್ತದೆ. ಅತ್ತೆ ಒಂದು ಮಾತಿನ ಕೊನೆಯಲ್ಲಿ ದನಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸುವ ಸೊಗಸೆಲ್ಲ ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಯೂ ಅತ್ತೆಯೂ ಒಂದೇ ಎತ್ತರದಲ್ಲಿ ಕೇಳಿಸುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಸಂಗೀತದ ಹುಚ್ಚಿನವನು. ಕಂಪ್ಯೂಟರಿನಲ್ಲೇ ರಾತ್ರಿಯೆಲ್ಲ ಏನೋ ನುಡಿಸುತ್ತಾನೆ. ಅವನು ತನ್ನ ಹಳೆಯ ಮೈಕು, ಅದರ ತಂತಿ ಬಂದು ಸೇರುವ ಸಣ್ಣ ಪೆಟ್ಟಿಗೆ, ಎರಡನ್ನೂ ಕೊಟ್ಟ. ಲ್ಯಾಪ್‌ಟಾಪಿಗೆ ರೀಪರ್ ಎಂಬ ಸಾಫ್ಟ್‌ವೇರ್ ಹಾಕಿಕೊಟ್ಟ. ಆದರೆ ಲ್ಯಾಪ್‌ಟಾಪಿನ ಫ್ಯಾನು ಗುಂಯ್ ಎನ್ನುತ್ತದಲ್ಲ, ಅದು ಮೈಕಿನ ಹತ್ತಿರ ಇರಬಾರದು. ಹಾಗಾಗಿ ಅದು ಹಾಲಿನಲ್ಲಿ, ಇಸ್ತ್ರಿ ಮಾಡುವ ಮೇಜಿನ ಮೇಲೆ. ಮೈಕು ಮತ್ತು ಅತ್ತೆ ಒಳಕೋಣೆಯಲ್ಲಿ. ನಡುವೆ ಹಳೆಯ ಕಾಲದ ಮಣ್ಣುಗೋಡೆ, ಎರಡಡಿ ದಪ್ಪ.

ಗುಂಡಿ ಒತ್ತಲು ನಾನು ಹಾಲಿಗೆ ಏಳಬೇಕು. ಎದ್ದರೆ ಅತ್ತೆ ಹಾಡುವುದಿಲ್ಲ.

ಬೆಳಿಗ್ಗೆಯೇ ಒತ್ತಿ ದಿನವಿಡೀ ಓಡಲು ಬಿಟ್ಟರಾಯಿತಲ್ಲ ಎಂದು ನಮ್ಮನೆಯವರು ಹೇಳಿದರು. ಅದಕ್ಕೆ ಅತ್ತೆಯದೇ ತಡೆ. ಮೊದಲ ದಿನವೇ ಒಂದು ಕರಾರು ಹಾಕಿದ್ದರು: ‘ಹಾಡು ಹಿಡ್ಕೋ. ಮಾತು ಹಿಡೀಬೇಡ. ನಾ ಯಾರ್ ಯಾರ ಸುದ್ದಿ ಹೇಳ್ತೀನೋ ಏನೋ, ನಾಳೆ ಆ ಮಕ್ಕಳ ಕಿವಿಗೆ ಬಿದ್ರೆ?’ ನಾನು ಆಗಲಿ ಎಂದಿದ್ದೆ. ಅತ್ತೆಯ ಮಾತಿನಲ್ಲಿ ಊರಿನ ಮೂರು ತಲೆಮಾರು ಬಂದುಹೋಗುತ್ತದೆ, ಹೆಸರು ಸಮೇತ. ಅವರು ಹಾಡುವುದಾದರೋ ಆ ಸುದ್ದಿಯ ನಡುವೆಯೇ, ಯಾವುದೋ ಮದುವೆ ನೆನಪಾಗಿ, ಇದ್ದಕ್ಕಿದ್ದಂತೆ. ಆ ಕ್ಷಣದಲ್ಲಿ, ಕೂತಲ್ಲಿಂದ ಅಲ್ಲಾಡದೆ ನಾನು ಗುಂಡಿ ಒತ್ತಬೇಕು.

‘ದೊಡ್ಡಮ್ಮ, ಫೋನನ್ನೇ ರಿಮೋಟ್ ಮಾಡ್ಕೊಳ್ಳಿ, ಹತ್ತು ನಿಮಿಷದ ಕೆಲಸ’ ಎಂದ ಹುಡುಗ. ಆ ಹತ್ತು ನಿಮಿಷ ನನಗೆ ಹನ್ನೊಂದು ದಿನ ಹಿಡಿಯಿತು.

ಅವನು ಹೇಳಿದ ಪುರಾಣ ಹೀಗೆ. ಒಂದು ವಾದ್ಯದಿಂದ ಇನ್ನೊಂದಕ್ಕೆ ‘ಈಗ ಈ ಸ್ವರ ನುಡಿಸು’ ಎಂದು ಹೇಳಿಸಲು 1983ರಲ್ಲಿ ಮಿಡಿ ಎಂಬ ಒಪ್ಪಂದ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತಾಯಿತು. ಅದು ತಂತಿಯ ಕಾಲ. ಐದು ಕಡ್ಡಿಯ ಪಿನ್ನಿನ ತಂತಿ. ಅದರ ಇನ್ನೊಂದು ತುದಿಯನ್ನು ಯಾವ ಪೆಟ್ಟಿಗೆಗೆ ಚುಚ್ಚಿದ್ದೀರೋ ಮಾತು ಅಲ್ಲಿಗೇ ಹೋಗುತ್ತದೆ, ವಿಳಾಸ ಬರೆಯುವ ತಾಪತ್ರಯವಿಲ್ಲ. ಆಮೇಲೆ 1997ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮ್ಯಾಟ್ ರೈಟ್ ಮತ್ತು ಏಡ್ರಿಯನ್ ಫ್ರೀಡ್ ಎಂಬಿಬ್ಬರು ಓಪನ್ ಸೌಂಡ್ ಕಂಟ್ರೋಲ್ ಎಂಬುದನ್ನು ಹೊರತಂದರು, ಚಿಕ್ಕದಾಗಿ ಓಎಸ್‌ಸಿ. ಇದು ಕಂಪ್ಯೂಟರುಗಳ ನಡುವಿನ ಜಾಲದ ಮೇಲೆ ಹೋಗುವಂಥದು. ತಂತಿ ಇಲ್ಲದ ಮೇಲೆ ಮಾತು ಯಾರಿಗೆ ತಲುಪಬೇಕು ಎಂದು ಬರೆದೇ ಕಳಿಸಬೇಕು. ಅದಕ್ಕೇ ಐಪಿ ವಿಳಾಸ.

ಐಪಿ ವಿಳಾಸವೆಂದರೆ ನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ. ಒಂದೊಂದೂ 0ಯಿಂದ 255ರೊಳಗೆ. ನಮ್ಮ ಲ್ಯಾಪ್‌ಟಾಪಿನದು 192.168.1.4 ಎಂದು ತೋರಿಸುತ್ತಿತ್ತು. ಎದುರು ಮನೆಯ ಟೀಚರ್ ಹತ್ತಿರ ಜಂಬದಿಂದ ಹೇಳಿದೆ. ಅವರು ತಮ್ಮ ಮಗಳ ಕಂಪ್ಯೂಟರಿನಲ್ಲಿ ನೋಡಿ, ‘ಅಯ್ಯೋ, ನಮ್ಮದೂ ಅದೇ ಕಣ್ರೀ!’ ಎಂದರು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಹೇಗೆ? ನನಗೆ ಗಾಬರಿ. ನಮ್ಮ ಅತ್ತೆಯ ಹಾಡು ಅವರ ಮನೆಯಲ್ಲಿ ಇಳಿದರೆ!

ಅದಕ್ಕೆ ಹುಡುಗ ಕೊಟ್ಟ ಉತ್ತರ ನನ್ನ ತಲೆಗೆ ಹೋಗಲಿಲ್ಲ. ಆಮೇಲೆ ದೋಸೆ ಹುಯ್ಯುವಾಗ ತಾನಾಗಿ ಹೊಳೆಯಿತು. ಪ್ರತಿ ಮನೆಯಲ್ಲೂ ಒಬ್ಬ ‘ಪುಟ್ಟ’ ಇರುತ್ತಾನೆ, ಒಬ್ಬಳು ‘ಚಿಕ್ಕಿ’ ಇರುತ್ತಾಳೆ. ನಮ್ಮನೆಯೊಳಗೆ ‘ಪುಟ್ಟಾ’ ಎಂದರೆ ನಮ್ಮ ಪುಟ್ಟನೇ ಓಗೊಡುತ್ತಾನೆ, ಪಕ್ಕದ ಮನೆಯವನಲ್ಲ. ಬೀದಿಗೆ ಹೋಗಿ ಕೂಗಿದರೆ ಮಾತ್ರ ಗೊಂದಲ. 192.168ರಿಂದ ಶುರುವಾಗುವವು ಹೀಗೆ ಮನೆಯೊಳಗೆ ಕರೆಯುವ ಹೆಸರುಗಳು. ಈ ಬಗೆಯ ನಾಲ್ಕಂಕಿಯ ವಿಳಾಸಗಳು ಲೋಕಕ್ಕೆಲ್ಲ ಸೇರಿ ಇರುವುದೇ ಸುಮಾರು 430 ಕೋಟಿ. ಇಷ್ಟು ಫೋನು, ಇಷ್ಟು ಟಿವಿಗೆ ಅದು ಎಲ್ಲಿ ಸಾಕು? ಆದ್ದರಿಂದ ಕೆಲವು ಸಾಲುಗಳನ್ನು ‘ಮನೆಯೊಳಗೆ ಯಾರು ಬೇಕಾದರೂ ಇಟ್ಟುಕೊಳ್ಳಿ’ ಎಂದು ಬಿಟ್ಟಿದ್ದಾರೆ. 1996ರಲ್ಲಿ ಇದನ್ನು ಕಾಗದದ ಮೇಲೆ ಗೊತ್ತು ಮಾಡಿದರಂತೆ. ಹೊರಗೆ ಬೀದಿಗೆ ಇಡೀ ಮನೆಗೆ ಒಂದೇ ಹೆಸರು. ಅದರ ಚಿಂತೆ ವೈಫೈ ಪೆಟ್ಟಿಗೆಯದು, ನನ್ನದಲ್ಲ.

ಇನ್ನು ಪೋರ್ಟು. ನನಗೆ ಗೊತ್ತಿದ್ದ ಪೋರ್ಟುಗಳು ಮಂಗಳೂರಿನದು, ಕಾರವಾರದ್ದು. ಇದು ಹಡಗಿನದಲ್ಲ, ಬಾಗಿಲಿನದು. ಮನೆ ಸಿಕ್ಕಿದರೆ ಸಾಲದು, ಯಾವ ಬಾಗಿಲಿಗೆ ಹೋಗಬೇಕು ಎಂಬುದೂ ಗೊತ್ತಿರಬೇಕಷ್ಟೆ? ನೆಂಟರು ಮುಂಬಾಗಿಲಿಗೆ ಬರುತ್ತಾರೆ, ಹಾಲಿನವನು ಅಡಿಗೆಮನೆ ಬಾಗಿಲಿಗೆ, ಹುಲ್ಲು ತರುವವಳು ಕೊಟ್ಟಿಗೆ ಬಾಗಿಲಿಗೆ. ಒಂದು ಕಂಪ್ಯೂಟರಿನಲ್ಲಿ ಇಂಥ ಬಾಗಿಲಿಗೆ 65,535ರ ತನಕ ನಂಬರು ಕೊಡಬಹುದು. ಒಂದೊಂದು ಬಾಗಿಲ ಹಿಂದೆ ಒಂದೊಂದು ಸಾಫ್ಟ್‌ವೇರ್ ಕಿವಿಗೊಟ್ಟು ಕೂತಿರುತ್ತದೆ. 1023ರ ತನಕದ ನಂಬರುಗಳು ಹೆಚ್ಚಾಗಿ ದೊಡ್ಡವರ ಪಾಲು. ವೆಬ್ ಪುಟಗಳು ಬರುವ 80, 443 ಅಲ್ಲಿಯೇ ಇವೆ. ಅದರ ಮೇಲಿನವು ನಮ್ಮಂಥವರಿಗೆ. ರೀಪರ್ ನಮ್ಮಲ್ಲಿ 8000ದ ಬಾಗಿಲಲ್ಲಿ ಕೂತಿರುತ್ತದೆ. ಫೋನಿನಲ್ಲಿರುವ ಟಚ್‌ಓಎಸ್‌ಸಿ ಎಂಬ ಆ್ಯಪ್ 9000ದ ಬಾಗಿಲಲ್ಲಿ. ಈ ನಂಬರುಗಳೇ ಆಗಬೇಕೆಂದೇನೂ ಇಲ್ಲ. ಬೇರೆ ಯಾರೂ ಕೂತಿರದ ಯಾವ ಬಾಗಿಲಾದರೂ ಸರಿ, ಎರಡು ಕಡೆಗೂ ಗೊತ್ತಿದ್ದರೆ ಆಯಿತು.

ಗೊತ್ತಿರಬೇಕು ಎಂಬಲ್ಲಿಯೇ ನಾನು ಮೂರು ದಿನ ಎಡವಿದ್ದು. ಫೋನಿನಲ್ಲಿ ‘ಕಳಿಸುವ ಪೋರ್ಟ್’, ‘ತೆಗೆದುಕೊಳ್ಳುವ ಪೋರ್ಟ್’ ಎಂದು ಎರಡು ಜಾಗ. ಲ್ಯಾಪ್‌ಟಾಪಿನಲ್ಲೂ ಎರಡು. ನಾನು ಅಚ್ಚುಕಟ್ಟಿನ ಹೆಂಗಸು. ಎರಡು ಕಡೆಯೂ ಕಳಿಸುವುದಕ್ಕೆ 8000, ತೆಗೆದುಕೊಳ್ಳುವುದಕ್ಕೆ 9000 ಎಂದು ಒಂದೇ ಸಮ ಬರೆದಿದ್ದೆ. ಎಲ್ಲಿ ನಡೆಯುತ್ತದೆ! ಹುಡುಗ ಫೋನಿನಲ್ಲಿ ಒದ್ದಾಡುತ್ತಿದ್ದ. ಅತ್ತೆಯ ಹಾಡೇ ದಾರಿ ತೋರಿಸಿತು. ಹೆಣ್ಣಿನ ಕಡೆಯವರಿಗೆ ಹೆಣ್ಣೊಪ್ಪಿಸುವುದು. ಅದೇ ಶಾಸ್ತ್ರ ಗಂಡಿನ ಕಡೆಯವರಿಗೆ ಮನೆ ತುಂಬಿಸಿಕೊಳ್ಳುವುದು. ಇಲ್ಲಿ ಹೋದದ್ದೇ ಅಲ್ಲಿ ಬಂದದ್ದು. ಫೋನು 8000ಕ್ಕೆ ಕಳಿಸಿದರೆ ಲ್ಯಾಪ್‌ಟಾಪು 8000ದಲ್ಲೇ ತೆಗೆದುಕೊಳ್ಳಬೇಕು. ಲ್ಯಾಪ್‌ಟಾಪು 9000ಕ್ಕೆ ಕಳಿಸಿದರೆ ಫೋನು 9000ದಲ್ಲಿ. ಎರಡು ಕಡೆಯೂ ಅದಲುಬದಲು ಇರಬೇಕು, ಬೀಗರಂತೆ.

ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ಎಲ್ಲೋ 127.0.0.1 ಎಂಬ ಚಂದದ ನಂಬರು ಕಂಡಿತು. ಇದೇ ಲ್ಯಾಪ್‌ಟಾಪಿನ ವಿಳಾಸವೆಂದು ಫೋನಿಗೆ ಕೊಟ್ಟೆ. ಅದು ‘ನಾನು’ ಎಂಬ ಪದದ ಹಾಗೆ. ಯಾರು ಹೇಳಿದರೆ ಅವರನ್ನೇ ಸೂಚಿಸುತ್ತದೆ. ಲ್ಯಾಪ್‌ಟಾಪು ಹೇಳಿದರೆ ಲ್ಯಾಪ್‌ಟಾಪು, ಫೋನು ಹೇಳಿದರೆ ಫೋನು. ಪಾಪ, ಫೋನು ಎರಡು ದಿನ ತನಗೆ ತಾನೇ ‘ರೆಕಾರ್ಡ್ ಮಾಡು, ರೆಕಾರ್ಡ್ ಮಾಡು’ ಎಂದು ಹೇಳಿಕೊಳ್ಳುತ್ತಿತ್ತು. ಆಮೇಲೆ ಫೈರ್‌ವಾಲ್ ಎಂಬ ಕಾವಲುಗಾರ. ಮೊದಲ ಸಲ ‘ಈ ಸಾಫ್ಟ್‌ವೇರನ್ನು ಜಾಲದ ಮೇಲೆ ಬಿಡಲೇ?’ ಎಂದು ಕೇಳಿದಾಗ, ಗೊತ್ತಿಲ್ಲದ್ದಕ್ಕೆಲ್ಲ ಹೂಂ ಅನ್ನಬಾರದು ಎಂಬ ಮಗನ ಬುದ್ಧಿಮಾತು ನೆನಪಾಗಿ ಬೇಡ ಎಂದಿದ್ದೆ. ಅವನು ಅದನ್ನೇ ಹಿಡಿದು ಬಾಗಿಲಿಗೆ ಅಗುಳಿ ಹಾಕಿ ಕೂತಿದ್ದ. ಅದನ್ನು ತೆಗೆಸಿದ್ದು ಹತ್ತನೆಯ ದಿನ.

ಹನ್ನೊಂದನೆಯ ದಿನ ಫೋನಿನ ಕೆಂಪು ಗುಂಡಿ ಒತ್ತಿದೆ, ಹಾಲಿನಲ್ಲಿ ಲ್ಯಾಪ್‌ಟಾಪಿನ ಗೆರೆ ಓಡತೊಡಗಿತು. ಯಾರೂ ಮುಟ್ಟದೆ! ನಾನು ಎರಡು ಸಲ ಒಳಗೂ ಹೊರಗೂ ಓಡಾಡಿ ನೋಡಿದೆ. ಅಂದು ಮಧ್ಯಾಹ್ನ ಅತ್ತೆ ಎಣ್ಣೆ ಹಚ್ಚುವ ಹಾಡು ಹಾಡಿದರು. ನಾನು ಕೂತಲ್ಲೇ, ಸೆರಗಿನ ಮರೆಯಲ್ಲಿ, ಬೆರಳು ಆಡಿಸಿದೆ. ಆ ತಿಂಗಳಲ್ಲಿ ಒಂಬತ್ತು ಹಾಡು ಸಿಕ್ಕಿದವು.

ಹೆಣ್ಣೊಪ್ಪಿಸುವ ಹಾಡು ಒಂದು ಬಾಕಿ ಇತ್ತು. ಅದನ್ನು ಕೇಳಿದಾಗಲೆಲ್ಲ ಅತ್ತೆ, ‘ಅದು ಸುಮ್ಮನೆ ಮನೇಲಿ ಕೂತು ಹೇಳೋದಲ್ಲ’ ಎಂದು ತಳ್ಳಿಬಿಡುತ್ತಿದ್ದರು. 2022ರ ಜುಲೈ, ಮೂರು ದಿನದಿಂದ ಬಿಡದ ಮಳೆ. ಹಿಂದಿನ ರಾತ್ರಿಯೆಲ್ಲ ಕರೆಂಟಿರಲಿಲ್ಲ, ಬೆಳಿಗ್ಗೆ ಬಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕವಳ ಹಾಕಿಕೊಂಡು, ತಮ್ಮ ತಂಗಿಯನ್ನು ಕಳಿಸಿಕೊಟ್ಟ ದಿನದ ಮಾತು ತೆಗೆದರು. ಹೀಗೇ ಮಳೆಯಂತೆ, ದೋಣಿಯಲ್ಲಿ ಹೊಳೆ ದಾಟಿಸಿದ್ದಂತೆ. ಹೇಳುತ್ತ ಹೇಳುತ್ತ ಸುಮ್ಮನಾದರು. ನನಗೆ ಗೊತ್ತಾಯಿತು. ಗುಂಡಿ ಒತ್ತಿದೆ. ಅದು ಕೆಂಪಗೆ ಬೆಳಗಿತು. ಅತ್ತೆ ಇಡೀ ಹಾಡು ಹಾಡಿದರು. ಎಲ್ಲೂ ತಡವರಿಸಲಿಲ್ಲ, ಉಸಿರಿಗೂ ನಿಲ್ಲಲಿಲ್ಲ. ಕೊನೆಯಲ್ಲಿ ಅವರ ಕಣ್ಣು ಒಣಗಿಯೇ ಇತ್ತು, ನಾನೇ ಸೆರಗಿನಿಂದ ಮೂಗು ಒರೆಸಿಕೊಂಡೆ.

ಸಂಜೆ ಲ್ಯಾಪ್‌ಟಾಪ್ ತೆಗೆದರೆ ಏನೂ ಇಲ್ಲ. ಗೆರೆ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ನಿಂತಿತ್ತು.

ಆಗಿದ್ದೇನೆಂದು ಹುಡುಗ ರಾತ್ರಿ ಬಿಡಿಸಿ ಹೇಳಿದ. ಮನೆಯೊಳಗಿನ ಈ ನಂಬರುಗಳು ಯಾವುದಕ್ಕೂ ಖಾಯಂ ಅಲ್ಲ. ವೈಫೈ ಪೆಟ್ಟಿಗೆ, ಅಂದರೆ ರೌಟರು, ಬಂದವರಿಗೆ ಬಂದಂತೆ ಒಂದೊಂದನ್ನು ಕೊಡುತ್ತದೆ, ಸಾಲ ಕೊಟ್ಟಂತೆ, ಇಷ್ಟು ಹೊತ್ತಿಗೆ ಎಂದು. ನಮ್ಮ ಪೆಟ್ಟಿಗೆಯಂತೂ ಕರೆಂಟು ಹೋದರೆ ಹಳೆಯ ಪಟ್ಟಿಯನ್ನೇ ಮರೆಯುವ ಜಾತಿಯದು. ಊಟದ ಪಂಕ್ತಿಯ ಹಾಗೆ. ಎಲೆ ಮುಂದೆ ಕೂತವರು ಒಮ್ಮೆ ಎದ್ದರೆ, ತಿರುಗಿ ಬರುವಷ್ಟರಲ್ಲಿ ಅಲ್ಲಿ ಬೇರೆ ಯಾರೋ. ಅಂದು ಬೆಳಿಗ್ಗೆ ಕರೆಂಟು ಬಂದ ಕೂಡಲೇ ಮೊದಲು ಎದ್ದದ್ದು ಟಿವಿ. ಅದು 4ನೆಯ ಎಲೆಯಲ್ಲಿ ಕೂತಿತು. ಲ್ಯಾಪ್‌ಟಾಪಿಗೆ 6 ಸಿಕ್ಕಿತು. ನನ್ನ ಫೋನು ಹಳೆಯ ನೆನಪಿನಲ್ಲಿ 4ಕ್ಕೇ ಹೇಳಿತು. ಅಂದರೆ, ಅತ್ತೆ ಹಾಡುವಾಗ ನಾನು ನಮ್ಮ ಟಿವಿಗೆ ‘ರೆಕಾರ್ಡ್ ಮಾಡು’ ಎಂದು ಹೇಳುತ್ತಿದ್ದೆ. ಅದರ 8000ದ ಬಾಗಿಲಲ್ಲಿ ಯಾರೂ ಇರಲಿಲ್ಲ.

‘ಹಾಗಾದರೆ ಕೆಂಪು ದೀಪ ಹತ್ತಿತಲ್ಲೋ!’ ಎಂದು ನಾನು ಜಗಳಕ್ಕೇ ನಿಂತೆ. ಅಲ್ಲೇ ಇರುವುದು ನಿಜವಾದ ಗುಟ್ಟು. ಓಎಸ್‌ಸಿ ಸಂದೇಶಗಳು ಸಾಮಾನ್ಯವಾಗಿ ಹೋಗುವುದು ಯುಡಿಪಿ ಎಂಬ ಕ್ರಮದಲ್ಲಿ, 1980ರಿಂದ ಇರುವಂಥದು. ಹಿಂದೆ ನಾವು ರಿಜಿಸ್ಟರ್ ಮಾಡಿದ ಕಾಗದಕ್ಕೆ, ತಲುಪಿತು ಎಂದು ರುಜು ಹಾಕಿದ ಚೀಟಿ ತಿರುಗಿ ಬರುತ್ತಿತ್ತಲ್ಲ, ಅದು ಟಿಸಿಪಿ ಎಂಬ ಕ್ರಮ. ಯುಡಿಪಿ ಹಾಗಲ್ಲ, ಡಬ್ಬಿಗೆ ಹಾಕಿದ ಕಾರ್ಡು. ಹಾಕಿದೆ, ಮುಗಿಯಿತು. ತಲುಪಿತೋ, ಮಳೆಯಲ್ಲಿ ನೆನೆಯಿತೋ, ಮನೆಯಲ್ಲಿ ಆ ಹೆಸರಿನವರೇ ಇಲ್ಲವೋ, ಕಳಿಸಿದವರಿಗೆ ತಿಳಿಯುವುದಿಲ್ಲ. ಸಂಗೀತಕ್ಕೆ ಇದೇ ಮೇಲು ಎಂದು ಹುಡುಗನ ವಾದ. ಚೀಟಿಗಾಗಿ ಕಾದು, ಬರಲಿಲ್ಲವೆಂದು ಮತ್ತೆ ಕಳಿಸಿ, ಅದು ತಲುಪುವಷ್ಟರಲ್ಲಿ ತಾಳ ತಪ್ಪಿರುತ್ತದೆ. ತಡವಾಗಿ ಬಂದ ತಾಳಕ್ಕಿಂತ ಬಾರದ್ದೇ ವಾಸಿ. ಇರಬಹುದು. ಆದರೆ ನನ್ನ ಗುಂಡಿ ಬೆಳಗಿದ್ದು ಲ್ಯಾಪ್‌ಟಾಪು ಕೇಳಿಸಿಕೊಂಡದ್ದಕ್ಕಲ್ಲ, ನನ್ನ ಬೆರಳು ಮುಟ್ಟಿದ್ದಕ್ಕೆ. ನಾನು ಕಳಿಸಿದೆ ಎಂಬುದಕ್ಕೆ ನಾನೇ ಸಾಕ್ಷಿ. ಇಂಥ ದೀಪವನ್ನು ಏತಕ್ಕೆ ಇಡುತ್ತಾರೋ ಮಹರಾಯರು.

ಮಾರನೆಯ ದಿನ ಅತ್ತೆಗೆ ಹೇಳಿ, ಇನ್ನೊಂದು ಸಲ ಹಾಡುತ್ತೀರಾ ಎಂದು ಕೇಳಿದೆ. ಅವರು ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ. ‘ಹೆಣ್ಣು ಒಂದ್ಸಲ ಹೋದ್ಲು ಅಂದ್ರೆ ಹೋದ್ಲು. ದಿನಾ ಒಪ್ಪಿಸ್ತಾರೇನೇ?’ ಎಂದರು. ನನಗೂ ಒತ್ತಾಯ ಮಾಡುವ ಮುಖವಿರಲಿಲ್ಲ.

ಅದೇ ವಾರ ಹುಡುಗ ಊರಿಗೆ ಬಂದು ಎಲ್ಲ ಸರಿ ಮಾಡಿದ. ಅದಕ್ಕೆ ಬೇಕಾದದ್ದು ಅರ್ಧ ಗಂಟೆ. ಬ್ರೌಸರಿನಲ್ಲಿ ರೌಟರಿನ ವಿಳಾಸ, ನಮ್ಮಲ್ಲಿ 192.168.1.1, ಬರೆದು ಅದರ ಒಳಗೆ ಹೋದ. ಪ್ರತಿ ಯಂತ್ರಕ್ಕೂ ಹುಟ್ಟಿದಾಗಲೇ ಕೊಟ್ಟ ಹನ್ನೆರಡು ಅಕ್ಷರದ ಗುರುತು ಒಂದಿರುತ್ತದಂತೆ, ಮ್ಯಾಕ್ ವಿಳಾಸ ಎಂದು. ನಮ್ಮ ಕೈಬೆರಳಿನ ಗೆರೆಯಿದ್ದಂತೆ. ‘ಈ ಗುರುತಿನವರಿಗೆ ಯಾವಾಗಲೂ 50ನೆಯ ಎಲೆ, ಬೇರೆಯವರನ್ನು ಕೂರಿಸಬೇಡ’ ಎಂದು ಲ್ಯಾಪ್‌ಟಾಪಿಗೆ ಕಾದಿರಿಸಿದ. ಫೋನಿಗೆ 51. ಫೋನುಗಳು ಈಚೆಗೆ ಗುಟ್ಟು ಕಾಯಲು ಬೇರೆ ಬೇರೆ ಜಾಲದಲ್ಲಿ ಬೇರೆ ಬೇರೆ ಗುರುತು ಹೇಳುತ್ತವೆಂದು, ನಮ್ಮ ಮನೆಯ ವೈಫೈಗೆ ಮಾತ್ರ ಅದನ್ನು ನಿಲ್ಲಿಸಿದ. ರೌಟರನ್ನು ಇನ್ವರ್ಟರಿನ ತಂತಿಗೆ ಸೇರಿಸಿದ. ನಮ್ಮನೆಯವರಿಗೆ ರಾತ್ರಿ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವ ವ್ರತ. ರೌಟರಿನದನ್ನು ಮಾತ್ರ ಬಿಡಬೇಕೆಂದು ಅದರ ಮೇಲೆ ಕ್ಯಾಲೆಂಡರಿನ ಹಾಳೆ ಹರಿದು ಬರೆದು ಅಂಟಿಸಿದ್ದೇನೆ. ಆದರೂ ಕೈ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ದೀಪವನ್ನು ಬದಲಾಯಿಸಿದ್ದು. ಬೆರಳು ಮುಟ್ಟಿದರೆ ಗುಂಡಿ ಬೆಳಗುವುದನ್ನು ನಿಲ್ಲಿಸಿಬಿಟ್ಟ. ಈಗ ನನ್ನ ಒತ್ತು 8000ದ ಬಾಗಿಲಿಗೆ ಹೋಗಿ, ರೀಪರ್ ರೆಕಾರ್ಡ್ ಶುರು ಮಾಡಿ, ‘ಶುರುವಾಯಿತು’ ಎಂದು ಅಲ್ಲಿಂದ 9000ದ ಬಾಗಿಲಿಗೆ ತಿರುಗಿ ಹೇಳಿ ಕಳಿಸಿದರೆ ಮಾತ್ರ ಕೆಂಪು ಹತ್ತುತ್ತದೆ. ಅದರ ಕೆಳಗೆ ಲ್ಯಾಪ್‌ಟಾಪಿನ ಗಡಿಯಾರವೂ ಓಡುವುದು ಕಾಣುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇದೆಲ್ಲ ಆಗಿಹೋಗುತ್ತದೆ. ಆದರೂ ಒತ್ತುವುದಕ್ಕೂ ಹತ್ತುವುದಕ್ಕೂ ನಡುವೆ ನನಗೆ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ.

ಆ ವರ್ಷ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂದು ಮೂರು ವಾರ ಮಲಗಿದರು. ಎದ್ದ ಮೇಲೆ, ಒಂದು ದಿನ ತಾವಾಗಿಯೇ, ‘ಬಾರೇ, ಆ ಹೆಣ್ಣೊಪ್ಪಿಸೋದು ಹೇಳಿಬಿಡ್ತೀನಿ’ ಎಂದು ಕೂತರು. ಎರಡು ನುಡಿ ಬಂತು. ಮೂರನೆಯದಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ಮೊದಲಿಂದ ಮತ್ತೆ ಶುರು ಮಾಡಿದರು. ಮತ್ತೆ ಅಲ್ಲೇ ನಿಂತರು. ‘ಎಲ್ಲಿಗೆ ಹೋಯ್ತೇ ಅದು?’ ಎಂದು ನನ್ನನ್ನೇ ಕೇಳಿದರು. ನಾನು ಅಂದು ಪೂರ್ತಿ ಕೇಳಿದವಳು, ನನಗೂ ಬಾರದು. ದೀಪ ಹತ್ತಿದೆ ಎಂಬ ಧೈರ್ಯದಲ್ಲಿ ನಾನು ಕಿವಿಯನ್ನು ಯಂತ್ರಕ್ಕೆ ಒಪ್ಪಿಸಿ ಕೂತಿದ್ದೆ.

2023ರಲ್ಲಿ ಇನ್ನೊಂದು ಎಡವಟ್ಟು ಆಯಿತು, ಈ ಸಲ ತಿರುಗಾಮುರುಗಾ. ಆರತಿಯ ಹಾಡು ಮುಗಿದ ಮೇಲೆ ನಿಲ್ಲಿಸುವ ಗುಂಡಿ ಒತ್ತಿ, ನೋಡದೆ ಫೋನನ್ನು ಬೋರಲು ಹಾಕಿದೆ. ಎರಡಡಿ ಮಣ್ಣುಗೋಡೆಯ ಹಿಂದೆ ಸಿಗ್ನಲ್ ಸೊರಗಿ, ಫೋನು ಆ ಹೊತ್ತಿಗೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರಿದ್ದಿರಬೇಕು. ಬೀದಿಗೆ ಹೋಗಿ ‘ಪುಟ್ಟಾ’ ಎಂದು ಕೂಗಿದ ಹಾಗೆ. ಕಾರ್ಡು ತಲುಪಲಿಲ್ಲ. ರಾತ್ರಿ ಹಾಡಿಗೆ ಹೆಸರು ಹಾಕಲು ಕೂತರೆ, ನಾಲ್ಕು ನಿಮಿಷದ ಹಾಡಿನ ಹಿಂದೆ 40 ನಿಮಿಷದ ಮಾತು. ಮೊದಲ ವಾಕ್ಯದಲ್ಲೇ ಒಬ್ಬರ ಮನೆ ಪಾಲಾದ ಸುದ್ದಿ. ಕೂಡಲೇ ನಿಲ್ಲಿಸಿದೆ. ಕರಾರು ಮುರಿದದ್ದು ನಾನು.

ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿಬಿಟ್ಟೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಕು, ನೋಡಣ, ಏನ್ ಹೇಳಿದೀನೋ’ ಎಂದರು. ಇಬ್ಬರೂ ಕೂತು ಕೇಳಿದೆವು. ತಮ್ಮ ಮಾತಿಗೆ ತಾವೇ ನಕ್ಕರು. ಒಂದು ಕಡೆ ‘ಸುಳ್ಳು, ಅವನಲ್ಲ, ಅವನ ತಮ್ಮ’ ಎಂದು ತಿದ್ದಿದರು. ನಡುವೆ ಒಂದು ಕಡೆ ನನ್ನ ದನಿ, ಹಾಲು ಇಟ್ಟು ಬರುತ್ತೇನೆ ಎಂದು. ಆಮೇಲೆ ಯಾರ ಮಾತೂ ಇಲ್ಲ. ಎಲೆಅಡಿಕೆಯ ತಟ್ಟೆ ಸರಿಸಿದ ಸದ್ದು. ಆಮೇಲೆ ಅತ್ತೆ, ಎದುರಿಗೆ ಯಾರೂ ಇಲ್ಲವೆಂದು, ತಮ್ಮಷ್ಟಕ್ಕೆ ತಾವು ಗುನುಗುತ್ತಿದ್ದಾರೆ. ಮಾತಿಲ್ಲ, ಬರೀ ಧಾಟಿ. ಎರಡು ನುಡಿ ದಾಟಿ, ಮೂರನೆಯದನ್ನೂ ದಾಟಿ ಮುಂದೆ ಹೋಗುತ್ತದೆ. ನಾನು ಅತ್ತೆಯ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

‘ಇದು ಮಾತಲ್ಲ. ಇದನ್ನ ಇಟ್ಕೋ’ ಎಂದರು. ‘ಉಳಿದದ್ದು ಅಳಿಸು, ನನ್ನೆದುರಿಗೇ ಅಳಿಸು.’

ಅಳಿಸಿದೆ. ಉಳಿದದ್ದು 38 ಸೆಕೆಂಡು. ಮೊದಲೆರಡು ನುಡಿಯ ಪಕ್ಕದಲ್ಲೇ ಅದನ್ನೂ ಇಟ್ಟಿದ್ದೇನೆ. ನಮ್ಮ ಕಡೆಯ ಮುದುಕಿಯರು ಯಾರು ಸಿಕ್ಕಿದರೂ ಕೇಳಿಸುತ್ತೇನೆ. ಮೂರನೆಯ ನುಡಿಯ ಮಾತು ಗೊತ್ತಿರುವವರು ಇನ್ನೂ ಸಿಕ್ಕಿಲ್ಲ.

ಅತ್ತೆ ಈಗಲೂ ಹಾಡುತ್ತಾರೆ, ತುಸು ತುಸು. ಒಂದು ವ್ಯತ್ಯಾಸವಾಗಿದೆ. ನಾನು ಸೆರಗಿನ ಮರೆಯಲ್ಲಿ ಬೆರಳಾಡಿಸುವುದು ಅವರಿಗೆ ಯಾವತ್ತೋ ಗೊತ್ತಾಗಿದೆ. ಹಾಡು ಬರುವ ಸೂಚನೆ ಸಿಕ್ಕು ನಾನು ಫೋನು ಮುಟ್ಟುತ್ತಿದ್ದಂತೆ, ಗಂಟಲು ಸರಿ ಮಾಡಿಕೊಂಡು ಒಂದು ಕ್ಷಣ ತಡೆಯುತ್ತಾರೆ.

‘ದೀಪ ಹತ್ತಿತೇನೇ?’

‘ಹತ್ತಿತು ಅತ್ತೆ.’

‘ಅಲ್ಲಿಂದ ಬಂದದ್ದು ತಾನೇ?’